ಸೆರೆಮನೆಯಿಂದ ಹೊರಬಂದು ಐದೇ ದಿನ: ಸ್ನೇಹಲತಾ ರೆಡ್ಡಿ ಬದುಕಿನ ಕಥೆ

1977ರ ಸಂಕ್ರಾಂತಿಯ ಮರುದಿನ, ಜನವರಿ 15ರಂದು, ಬೆಂಗಳೂರು ಕೇಂದ್ರ ಕಾರಾಗೃಹದಿಂದ ಮಹಿಳೆಯೊಬ್ಬರನ್ನು ಪೆರೋಲ್ ಮೇಲೆ ಹೊರಗೆ ಬಿಡಲಾಯಿತು. ಎಂಟು ತಿಂಗಳಿಗೂ ಹೆಚ್ಚು ಕಾಲ ಅವರು ಒಳಗಿದ್ದರು. ಅವರ ಮೇಲೆ ಆರೋಪಪಟ್ಟಿ ಸಲ್ಲಿಕೆಯಾಗಿರಲಿಲ್ಲ, ವಿಚಾರಣೆಯೂ ನಡೆದಿರಲಿಲ್ಲ. ಬಹುಕಾಲದಿಂದ ಕಾಡುತ್ತಿದ್ದ ಉಬ್ಬಸ ರೋಗ ಸೆರೆಮನೆಯಲ್ಲಿ ಉಲ್ಬಣಿಸಿ ದೇಹವನ್ನು ಜರ್ಜರಿತಗೊಳಿಸಿತ್ತು. ಅವರು ಹೊರಬಂದ ಮೂರನೆಯ ದಿನ ಪ್ರಧಾನಿ ಇಂದಿರಾ ಗಾಂಧಿ ಲೋಕಸಭೆಗೆ ಚುನಾವಣೆ ಘೋಷಿಸಿದರು. ಐದನೆಯ ದಿನ, ಜನವರಿ 20ರಂದು, ಆ ಮಹಿಳೆ ಕೊನೆಯುಸಿರೆಳೆದರು. ಅವರೇ ಸ್ನೇಹಲತಾ ರೆಡ್ಡಿ. ಕನ್ನಡ ಚಿತ್ರರಂಗಕ್ಕೆ ಮೊದಲ ಸ್ವರ್ಣಕಮಲ ತಂದುಕೊಟ್ಟ ‘ಸಂಸ್ಕಾರ’ ಚಿತ್ರದ ಚಂದ್ರಿ.

ನಿರಂಕುಶ ಪ್ರಭುತ್ವಕ್ಕೆ ಎದುರಾಗಿ ನಿಂತ ಸಾಮಾನ್ಯರ ಕಥೆಗಳನ್ನು ಜಗತ್ತಿನ ಸಿನಿಮಾ ಮತ್ತೆ ಮತ್ತೆ ಹೇಳಿದೆ. ನಾಜಿ ಆಡಳಿತದ ವಿರುದ್ಧ ಕರಪತ್ರ ಹಂಚಿದ ಜರ್ಮನಿಯ ಮ್ಯೂನಿಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ ಸೋಫಿ ಶೋಲ್ ಬಗ್ಗೆ 2005ರಲ್ಲಿ ಮಾರ್ಕ್ ರೋಥೆಮುಂಡ್ ನಿರ್ದೇಶಿಸಿದ ಚಿತ್ರ ಅವುಗಳಲ್ಲಿ ಪ್ರಮುಖವಾದುದು. 1943ರ ಫೆಬ್ರುವರಿ 18ರಂದು ಅಣ್ಣ ಹಾನ್ಸ್ ಜೊತೆ ಸಿಕ್ಕಿಬಿದ್ದ ಸೋಫಿಗೆ ನಾಲ್ಕೇ ದಿನಗಳಲ್ಲಿ ಶಿರಚ್ಛೇದದ ಶಿಕ್ಷೆ ಜಾರಿಯಾಯಿತು. ಆಗ ಆಕೆಗೆ ವಯಸ್ಸು 21. ಹಿಟ್ಲರನ ಜರ್ಮನಿಗೂ 1975ರ ಭಾರತಕ್ಕೂ ಹೋಲಿಕೆ ಕಲ್ಪಿಸುವುದು ಸರಿಯಾಗದು. ಅಲ್ಲಿ ನಡೆದ ನರಮೇಧ ಇಲ್ಲಿ ನಡೆಯಲಿಲ್ಲ. ಇಲ್ಲಿ ಆಳಿದವರು ಕೊನೆಗೆ ಜನರ ಮುಂದೆ ಮತ ಕೇಳಲು ಬಂದರು, ಸೋತು ಅಧಿಕಾರ ಬಿಟ್ಟರು. ಆದರೆ ಬಾಯಿ ತೆರೆದವರನ್ನು ಪ್ರಭುತ್ವ ಹೇಗೆ ನಡೆಸಿಕೊಳ್ಳುತ್ತದೆ, ಸುತ್ತಲಿನ ಸಮಾಜ ಆಗ ಏನು ಮಾಡುತ್ತದೆ ಎಂಬ ಪ್ರಶ್ನೆ ಎರಡೂ ಕಡೆ ಒಂದೇ. ಕನ್ನಡ ನೆಲದಲ್ಲಿ ಆ ಪ್ರಶ್ನೆಗೆ ಪ್ರಾಣವನ್ನೇ ತೆತ್ತವರು ಸ್ನೇಹಲತಾ.

ರಂಗಭೂಮಿಯಿಂದ ಸಮಾಜವಾದದತ್ತ

ಸ್ನೇಹಲತಾ ಜನಿಸಿದ್ದು 1932ರಲ್ಲಿ, ಕ್ರೈಸ್ತ ಮತ ಸ್ವೀಕರಿಸಿದ್ದ ತೆಲುಗು ಕುಟುಂಬವೊಂದರಲ್ಲಿ. ದೇಶ ಇನ್ನೂ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಕಾಲವದು. ಎಳವೆಯಲ್ಲೇ ವಸಾಹತು ಆಡಳಿತದ ಬಗ್ಗೆ ಅಸಹನೆ ಬೆಳೆಸಿಕೊಂಡ ಅವರು ಪಾಶ್ಚಾತ್ಯ ರೀತಿನೀತಿಗಳನ್ನು ಬಿಟ್ಟು ಭಾರತೀಯ ಹೆಸರನ್ನೂ ಉಡುಗೆಯನ್ನೂ ಆಯ್ದುಕೊಂಡರು. ಭರತನಾಟ್ಯವನ್ನು ಶ್ರದ್ಧೆಯಿಂದ ಕಲಿತರು. ಮದ್ರಾಸಿನಲ್ಲಿ ಇಂಗ್ಲಿಷ್ ನಾಟಕಗಳನ್ನು ಆಡುತ್ತಿದ್ದ ಮದ್ರಾಸ್ ಪ್ಲೇಯರ್ಸ್ ತಂಡವನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ನಟಿಯಾಗಿ, ನಿರ್ದೇಶಕಿಯಾಗಿ ಆ ನಗರದ ಹವ್ಯಾಸಿ ರಂಗಭೂಮಿಯಲ್ಲಿ ಅವರ ಹೆಸರು ಬಲ್ಲವರು ಅನೇಕರಿದ್ದರು.

ಅವರ ಕೈಹಿಡಿದ ಪಟ್ಟಾಭಿರಾಮ ರೆಡ್ಡಿ ನೆಲ್ಲೂರಿನವರು. ತೆಲುಗು ನವ್ಯ ಕಾವ್ಯದಲ್ಲಿ ಹೆಸರು ಮಾಡಿದ ಕವಿ. ದಂಪತಿಗಳಿಬ್ಬರೂ ಸಮಾಜವಾದಿ ಚಿಂತಕ ರಾಮಮನೋಹರ ಲೋಹಿಯಾ ಅವರ ವಿಚಾರಗಳಿಗೆ ಮನಸೋತವರು. ಜಾತಿ ವಿನಾಶ, ಸ್ತ್ರೀ ಸಮಾನತೆ, ಅನ್ಯಾಯದ ಕಾನೂನನ್ನು ಬಹಿರಂಗವಾಗಿ ಮುರಿದು ಶಿಕ್ಷೆ ಅನುಭವಿಸುವ ಸತ್ಯಾಗ್ರಹ ಇವು ಲೋಹಿಯಾ ಚಿಂತನೆಯ ಜೀವಾಳ. ಕರ್ನಾಟಕದಲ್ಲಿ ಶಾಂತವೇರಿ ಗೋಪಾಲಗೌಡರ ಸುತ್ತ ಬೆಳೆದ ಸಮಾಜವಾದಿ ಬಳಗ, ಯು.ಆರ್.ಅನಂತಮೂರ್ತಿ, ಪಿ.ಲಂಕೇಶ್ ಮುಂತಾದ ಲೇಖಕರು ಇದೇ ಚಿಂತನೆಯ ಪ್ರಭಾವದಲ್ಲಿದ್ದರು. ರೆಡ್ಡಿ ದಂಪತಿಗೆ ಕನ್ನಡದ ನಂಟು ಗಾಢವಾದುದು ಈ ದಾರಿಯಿಂದಲೇ.

ಚಂದ್ರಿಯಾದ ಸ್ನೇಹಲತಾ

ಗಿರೀಶ ಕಾರ್ನಾಡರು 1963ರಿಂದ 1970ರವರೆಗೆ ಮದ್ರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಲ್ಲಿ ಉದ್ಯೋಗದಲ್ಲಿದ್ದರು. ಮದ್ರಾಸ್ ಪ್ಲೇಯರ್ಸ್ ಮೂಲಕ ರೆಡ್ಡಿ ದಂಪತಿಗೂ ಅವರಿಗೂ ಸ್ನೇಹ ಬೆಳೆಯಿತು. 1965ರಲ್ಲಿ ಪ್ರಕಟವಾಗಿದ್ದ ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯನ್ನು ಚಿತ್ರವಾಗಿಸುವ ಯೋಚನೆ ಮೊಳೆತದ್ದು ಈ ಗೆಳೆತನದಲ್ಲಿ. ಪಟ್ಟಾಭಿ ನಿರ್ಮಾಣ, ನಿರ್ದೇಶನ ಎರಡನ್ನೂ ವಹಿಸಿಕೊಂಡರು. ಚಿತ್ರಕಥೆ ಕಾರ್ನಾಡರದು, ಪ್ರಾಣೇಶಾಚಾರ್ಯರ ಪಾತ್ರವೂ ಅವರದೇ. ಲಂಕೇಶ್ ನಾರಣಪ್ಪನಾದರು. ಆಸ್ಟ್ರೇಲಿಯಾದ ಟಾಮ್ ಕೋವನ್ ಕ್ಯಾಮೆರಾ ಹಿಡಿದರು. ರಾಜೀವ ತಾರಾನಾಥರು ಸಂಗೀತ ನೀಡಿದರು. ಅರಸೀಕೆರೆ, ಹಳೇಬೀಡು, ಬೇಲೂರು ದಾಟಿ ಚಿಕ್ಕಮಗಳೂರಿನ ಮೇಲೆ ಮಲೆನಾಡಿಗೆ ಹೊರಟವರಿಗೆ ಶೃಂಗೇರಿ ಪರಿಚಿತ. ಅದರ ಸಮೀಪದ ವೈಕುಂಠಪುರ ಎಂಬ ಹಳ್ಳಿಯೇ ಚಿತ್ರದ ಅಗ್ರಹಾರವಾಯಿತು.

ಕಥೆ ನಾಡಿಗೆಲ್ಲ ತಿಳಿದದ್ದೇ. ಆಚಾರ ಬಿಟ್ಟ ನಾರಣಪ್ಪ ಸತ್ತಿದ್ದಾನೆ. ಅವನ ಶವಕ್ಕೆ ಸಂಸ್ಕಾರ ಮಾಡಬೇಕಾದವರು ಯಾರು ಎಂಬ ಪ್ರಶ್ನೆಗೆ ಅಗ್ರಹಾರದ ಪಂಡಿತರು ಗ್ರಂಥಗಳಲ್ಲಿ ಉತ್ತರ ಹುಡುಕುತ್ತ ಕೂರುತ್ತಾರೆ. ಹೆಣ ಕೊಳೆಯುತ್ತದೆ. ಅವನ ಜೊತೆ ಬಾಳಿದ ಚಂದ್ರಿ ಖರ್ಚಿಗೆಂದು ತನ್ನ ಮೈಮೇಲಿನ ಒಡವೆಗಳನ್ನೇ ಬಿಚ್ಚಿಕೊಡುತ್ತಾಳೆ. ಆಗಲೂ ನಿರ್ಣಯ ಆಗದು. ಕಡೆಗೆ ಆಕೆ ಯಾರ ಅಪ್ಪಣೆಗೂ ಕಾಯದೆ, ಮುಸ್ಲಿಂ ವ್ಯಾಪಾರಿಯೊಬ್ಬನ ನೆರವು ಪಡೆದು ರಾತ್ರೋರಾತ್ರಿ ಶವವನ್ನು ದಹಿಸುತ್ತಾಳೆ. ಓದಿದವರು ಚರ್ಚಿಸುತ್ತಿದ್ದಾಗ, ಓದದ ಹೆಣ್ಣೊಬ್ಬಳು ಮಾಡಬೇಕಾದುದನ್ನು ಮಾಡಿ ಮುಗಿಸುತ್ತಾಳೆ. ಮಾತು ಕಡಿಮೆಯಿರುವ ಆ ಪಾತ್ರವನ್ನು ಸ್ನೇಹಲತಾ ಕಣ್ಣಿನಲ್ಲಿ, ನಡೆಯಲ್ಲಿ ತುಂಬಿಕೊಟ್ಟರು.

ಚಿತ್ರಕ್ಕೆ ಮದ್ರಾಸಿನ ಸೆನ್ಸಾರ್ ಮಂಡಳಿ ಪ್ರಮಾಣಪತ್ರ ನಿರಾಕರಿಸಿತು. ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯದವರೆಗೆ ಹೋಗಿ ತಡೆ ತೆರವುಗೊಂಡ ಮೇಲೆ ಚಿತ್ರ ತೆರೆ ಕಂಡಿತು. 1970ರ ಸಾಲಿನ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಕನ್ನಡದಲ್ಲಿ ಹೊಸ ಅಲೆಯ ಚಿತ್ರಗಳ ಆರಂಭವನ್ನು ವಿಮರ್ಶಕರು ಇಲ್ಲಿಂದಲೇ ಗುರುತಿಸುತ್ತಾರೆ. ಪ್ರಭುತ್ವದ ಕತ್ತರಿಗೆ ಎದುರು ನಿಲ್ಲುವ ಮೊದಲ ಅನುಭವ ರೆಡ್ಡಿ ದಂಪತಿಗೆ ದೊರೆತದ್ದೂ ಆಗಲೇ.

ವಿದ್ಯಾರ್ಥಿಗಳು ಹೊತ್ತಿಸಿದ ಕಿಡಿ

ಎಪ್ಪತ್ತರ ದಶಕದ ನಡುವಣ ವರ್ಷಗಳು ಪ್ರಕ್ಷುಬ್ಧವಾಗಿದ್ದವು. 1974ರಲ್ಲಿ ಗುಜರಾತಿನ ವಿದ್ಯಾರ್ಥಿಗಳ ನವನಿರ್ಮಾಣ ಚಳವಳಿ ಅಲ್ಲಿನ ಸರ್ಕಾರವನ್ನೇ ಉರುಳಿಸಿತು. ಬಿಹಾರದಲ್ಲಿ ವಿದ್ಯಾರ್ಥಿಗಳು ಆರಂಭಿಸಿದ ಹೋರಾಟಕ್ಕೆ ಜಯಪ್ರಕಾಶ ನಾರಾಯಣ್ ನಾಯಕತ್ವ ನೀಡಿದರು. ಅದೇ ವರ್ಷದ ಮೇ ತಿಂಗಳಲ್ಲಿ ದೇಶದಾದ್ಯಂತ ರೈಲ್ವೆ ನೌಕರರು ಮುಷ್ಕರ ಹೂಡಿದರು. ಮುಷ್ಕರದ ಮುಂದಾಳು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಬೆಂಗಳೂರು, ಹುಬ್ಬಳ್ಳಿ, ಮೈಸೂರು ಮಾರ್ಗಗಳು ಕೂಡುವ ಅರಸೀಕೆರೆಯಂಥ ಜಂಕ್ಷನ್ ಊರಿಗೆ ರೈಲು ನಿಂತರೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಇಪ್ಪತ್ತು ದಿನಗಳ ಆ ಮುಷ್ಕರವನ್ನು ಸರ್ಕಾರ ಕಠಿಣವಾಗಿ ಹತ್ತಿಕ್ಕಿತು.

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಜಾರಿಗೆ ಬಂತು. ಪತ್ರಿಕೆಗಳಿಗೆ ಸೆನ್ಸಾರ್ ಬಿತ್ತು. ಮರುದಿನ, ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ.ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಬಂಧನಕ್ಕೊಳಗಾದರು. ವಿಧಾನಸಭೆಯಲ್ಲಿ ಪ್ರತಿಪಕ್ಷದ ನಾಯಕರಾಗಿದ್ದ ಹೊಳೆನರಸೀಪುರದ ಎಚ್.ಡಿ.ದೇವೇಗೌಡರೂ ಮುಂದೆ ಬೆಂಗಳೂರು ಕೇಂದ್ರ ಕಾರಾಗೃಹ ಸೇರಿದರು. ತುರ್ತು ಪರಿಸ್ಥಿತಿಯ ಅವಧಿಯಲ್ಲಿ ಮಿಸಾ ಎಂದೇ ಕರೆಯಲಾಗುತ್ತಿದ್ದ ಆಂತರಿಕ ಭದ್ರತಾ ಕಾಯ್ದೆ ಹಾಗೂ ಭಾರತ ರಕ್ಷಣಾ ನಿಯಮಗಳ ಅಡಿ ಬಂಧಿತರಾದವರ ಸಂಖ್ಯೆ 1 ಲಕ್ಷ 10 ಸಾವಿರ ಮೀರಿತ್ತೆಂದು ನಂತರ ನೇಮಕಗೊಂಡ ನ್ಯಾಯಮೂರ್ತಿ ಜೆ.ಸಿ.ಶಾ ಆಯೋಗ ದಾಖಲಿಸಿದೆ.

ಭೂಗತರಾದ ಜಾರ್ಜ್ ಫರ್ನಾಂಡಿಸ್ ವೇಷ ಮರೆಸಿಕೊಂಡು ಊರಿಂದೂರಿಗೆ ಓಡಾಡುತ್ತ ವಿರೋಧವನ್ನು ಸಂಘಟಿಸುತ್ತಿದ್ದರು. ಅವರಿಗೆ ಬೆಂಬಲವಾಗಿ ನಿಂತ ಹಳೆಯ ಸಮಾಜವಾದಿ ಗೆಳೆಯರಲ್ಲಿ ರೆಡ್ಡಿ ದಂಪತಿಯೂ ಇದ್ದರು. ಸುಮ್ಮನಿದ್ದಿದ್ದರೆ ಸ್ನೇಹಲತಾ ಅವರಿಗೆ ಯಾವ ತೊಂದರೆಯೂ ಇರಲಿಲ್ಲ. ಮನೆಯಿತ್ತು, ನಾಟಕವಿತ್ತು, ಪ್ರಶಸ್ತಿಯ ಹಿರಿಮೆಯಿತ್ತು. ಆದರೆ ಗೆಳೆಯನಿಗೆ ಬಾಗಿಲು ಮುಚ್ಚುವುದು ಅವರ ಸ್ವಭಾವದಲ್ಲಿರಲಿಲ್ಲ.

ಬಾಗಿಲು ಮುಚ್ಚಿದ ನ್ಯಾಯಾಲಯ

ಕಾರಣ ಹೇಳದೆ ಬಂಧಿಸಿದವರನ್ನು ಹಾಜರುಪಡಿಸುವಂತೆ ಕೋರಿ ಹೇಬಿಯಸ್ ಕಾರ್ಪಸ್ ಅರ್ಜಿ ಸಲ್ಲಿಸಲು ತುರ್ತು ಪರಿಸ್ಥಿತಿಯಲ್ಲೂ ಅವಕಾಶವಿದೆ ಎಂದು ಕರ್ನಾಟಕವೂ ಸೇರಿ ದೇಶದ ಹಲವು ಹೈಕೋರ್ಟ್‌ಗಳು ಅಭಿಪ್ರಾಯಪಟ್ಟಿದ್ದವು. ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 1976ರ ಏಪ್ರಿಲ್ 28ರಂದು ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ನೀಡಿತು. ನಾಲ್ವರು ಸರ್ಕಾರದ ಪರ ನಿಂತರು, ಎಚ್.ಆರ್.ಖನ್ನಾ ಒಬ್ಬರೇ ಭಿನ್ನ ತೀರ್ಪು ಬರೆದರು. ಅಂದಿನಿಂದ ಮಿಸಾ ಬಂಧಿಗಳಿಗೆ ನ್ಯಾಯಾಲಯದ ದಾರಿ ಇಲ್ಲದಾಯಿತು.

ಇದಾದ ಮೂರನೆಯ ದಿನ, ಮೇ 1ರಂದು, ಜಾರ್ಜ್ ಅವರ ತಮ್ಮ ಲಾರೆನ್ಸ್ ಫರ್ನಾಂಡಿಸ್ ಅವರನ್ನು ಬೆಂಗಳೂರಿನಲ್ಲಿ ಪೊಲೀಸರು ವಶಕ್ಕೆ ಪಡೆದರು. ಅಣ್ಣನ ಸುಳಿವು ಹೇಳೆಂದು ಅವರಿಗೆ ನೀಡಿದ ಚಿತ್ರಹಿಂಸೆ ಆ ಕಾಲದ ಕರಾಳ ಅಧ್ಯಾಯಗಳಲ್ಲೊಂದು. ಮರುದಿನ, ಮೇ 2ರಂದು, ಸ್ನೇಹಲತಾ ಬಂಧನಕ್ಕೊಳಗಾದರು. ಸರ್ಕಾರಿ ಕಟ್ಟಡಗಳನ್ನೂ ರೈಲು ಹಳಿಗಳನ್ನೂ ಸ್ಫೋಟಿಸಲು ಸಂಚು ನಡೆದಿತ್ತೆಂಬ ಬರೋಡಾ ಡೈನಮೈಟ್ ಪ್ರಕರಣದ ಹೆಸರಿನಲ್ಲಿ ಈ ಬಂಧನಗಳು ನಡೆದವು. ಜೂನ್ 10ರಂದು ಕಲ್ಕತ್ತದಲ್ಲಿ ಜಾರ್ಜ್ ಸೆರೆಸಿಕ್ಕರು. ಸೆಪ್ಟೆಂಬರಿನಲ್ಲಿ ಅವರ ಮತ್ತು ಸಂಗಡಿಗರ ಮೇಲೆ ಆರೋಪಪಟ್ಟಿ ಸಲ್ಲಿಕೆಯಾಯಿತು. ಅದರಲ್ಲಿ ಸ್ನೇಹಲತಾ ಅವರ ಹೆಸರಿರಲಿಲ್ಲ. ಹೆಸರಿಲ್ಲವೆಂದ ಮೇಲೆ ಬಿಡುಗಡೆ ಆಗಬೇಕಿತ್ತು. ಮಿಸಾ ಕಾಯ್ದೆಯಡಿ ಅವರನ್ನು ಒಳಗೇ ಇರಿಸಿಕೊಳ್ಳಲಾಯಿತು. ಪ್ರಶ್ನಿಸಲು ನ್ಯಾಯಾಲಯದ ಬಾಗಿಲು ತೆರೆದಿರಲಿಲ್ಲ.

ಕತ್ತಲ ಕೋಣೆಯ ದಿನಚರಿ

ಬೆಂಗಳೂರಿನ ಕೇಂದ್ರ ಕಾರಾಗೃಹ 19ನೇ ಶತಮಾನದಲ್ಲಿ ಕಟ್ಟಿದ್ದು. ಅದರ ಇಕ್ಕಟ್ಟಾದ ಕೋಣೆಯೊಂದರಲ್ಲಿ ಸ್ನೇಹಲತಾ ಅವರನ್ನು ಇರಿಸಲಾಯಿತು. ರಾಜಕೀಯ ಬಂದಿಗಳಾಗಿದ್ದ ಪುರುಷರು ಒಟ್ಟಿಗಿದ್ದರು. ಓದು, ಚರ್ಚೆ, ಹರಟೆಗಳಲ್ಲಿ ಅವರ ದಿನ ಕಳೆಯುತ್ತಿತ್ತು. ಮಹಿಳಾ ವಿಭಾಗದಲ್ಲಿದ್ದ ಸ್ನೇಹಲತಾಗೆ ಅಂತಹ ಸಂಗಾತಿಗಳ ಬಲವಿರಲಿಲ್ಲ. ಉಬ್ಬಸದ ರೋಗಿಗೆ ಬೇಕಾದ ಗಾಳಿ, ಬೆಳಕು, ನಿಯಮಿತ ಚಿಕಿತ್ಸೆ ಆ ಗೋಡೆಗಳೊಳಗೆ ದುರ್ಲಭವಾಗಿದ್ದವು. ರೋಗದ ಹೊಡೆತ ಮರುಕಳಿಸುತ್ತಲೇ ಹೋಯಿತು. ಅದೇ ಸೆರೆಮನೆಯಲ್ಲಿದ್ದ ಮಧು ದಂಡವತೆ, ರಾತ್ರಿಯ ನಿಶ್ಶಬ್ದದಲ್ಲಿ ಅವರ ಕೂಗು ತಮ್ಮ ಕೋಣೆಯವರೆಗೂ ಕೇಳಿಬರುತ್ತಿದ್ದುದನ್ನು ಮುಂದೆ ನೆನಪಿಸಿಕೊಂಡಿದ್ದಾರೆ.

ಆದರೂ ಅವರು ತಮ್ಮ ನೋವಿನಲ್ಲೇ ಮುಳುಗಲಿಲ್ಲ. ಜೊತೆಗಿದ್ದ ಮಹಿಳಾ ಕೈದಿಗಳಲ್ಲಿ ಹೆಚ್ಚಿನವರು ಬಡವರು. ಅವರಿಗಾಗುತ್ತಿದ್ದ ಅವಮಾನ, ಹೊಡೆತ, ಕಳಪೆ ಊಟದ ವಿರುದ್ಧ ಸ್ನೇಹಲತಾ ದನಿ ಎತ್ತಿದರು. ಕಂಡದ್ದನ್ನೂ ಉಂಡದ್ದನ್ನೂ ಇಂಗ್ಲಿಷಿನಲ್ಲಿ ದಿನಚರಿಯಾಗಿ ಬರೆದಿಟ್ಟರು. ಅವರ ನಿಧನದ ನಂತರ 1977ರಲ್ಲಿ ಅದು ಪುಸ್ತಕವಾಗಿ ಹೊರಬಂತು. ತುರ್ತು ಪರಿಸ್ಥಿತಿಯ ಸೆರೆವಾಸ ಕುರಿತು ರಾಜಕಾರಣಿಗಳು ಬರೆದ ಗ್ರಂಥಗಳು ಹಲವಿವೆ. ಹೆಣ್ಣುಮಕ್ಕಳ ವಿಭಾಗದೊಳಗಿನ ಬದುಕನ್ನು ಒಳಗಿದ್ದೇ ಕಂಡು ಬರೆದ ಸಾಕ್ಷ್ಯ ಎಂಬ ಕಾರಣಕ್ಕೆ ಈ ಪುಟಗಳಿಗೆ ಬೇರೆಯೇ ಮಹತ್ವವಿದೆ.

ಎ.ಕೆ.ರಾಮಾನುಜನ್ ಮಾಡಿದ ‘ಸಂಸ್ಕಾರ’ದ ಇಂಗ್ಲಿಷ್ ಅನುವಾದ ಪ್ರಕಟವಾಗಿ ಚಂದ್ರಿ ಜಗತ್ತಿನ ಓದುಗರನ್ನು ತಲುಪಿದ್ದು 1976ರಲ್ಲಿ. ಚಂದ್ರಿಯಾಗಿ ನಟಿಸಿದಾಕೆ ಆ ವರ್ಷದ ಬಹುಭಾಗವನ್ನು ಕಳೆದದ್ದು ಕಂಬಿಗಳ ಹಿಂದೆ.

ಆರೋಗ್ಯ ಕೈಮೀರುತ್ತಿದೆ ಎಂಬುದು ಸ್ಪಷ್ಟವಾದ ಮೇಲೆ ಪೆರೋಲ್ ದೊರೆಯಿತು. ಅದು ಬಂದಾಗ ಉಳಿದಿದ್ದದ್ದು ಐದು ದಿನ. ಯಾರೂ ಅವರಿಗೆ ಮರಣದಂಡನೆ ವಿಧಿಸಲಿಲ್ಲ. ಕಡತವೊಂದು ಮೇಜಿನಿಂದ ಮೇಜಿಗೆ ನಿಧಾನವಾಗಿ ಸಾಗಿತು, ರೋಗ ವೇಗವಾಗಿ ಸಾಗಿತು. ಅಗ್ರಹಾರದಲ್ಲಿ ಪಂಡಿತರು ತಾಳೆಗರಿ ತಿರುವುತ್ತಿದ್ದಾಗ ಹೆಣ ಕೊಳೆತಂತೆಯೇ ಇದೂ ನಡೆದುಹೋಯಿತು.

ನೆರೆಯ ಕೇರಳದಲ್ಲೂ ಇದೇ ವರ್ಷ ಇಂಥದೇ ದುರಂತ ಸಂಭವಿಸಿತ್ತು. ಕಲ್ಲಿಕೋಟೆಯ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ಪಿ.ರಾಜನ್ ಅವರನ್ನು 1976ರ ಮಾರ್ಚ್ 1ರಂದು ಪೊಲೀಸರು ಕರೆದೊಯ್ದರು. ಆತ ಮರಳಲಿಲ್ಲ. ಮಗನಿಗಾಗಿ ತಂದೆ ಈಚರ ವಾರಿಯರ್ ನಡೆಸಿದ ಅಲೆದಾಟ ಮುಂದೆ ಶಾಜಿ ಎನ್.ಕರುಣ್ ಅವರ ‘ಪಿರವಿ’ ಚಿತ್ರಕ್ಕೆ ಪ್ರೇರಣೆಯಾಯಿತು. ಪೊಲೀಸರು ಒಯ್ದ ಮಗ ಎಲ್ಲಿ ಎಂದು ಕೇಳಿದ ತಂದೆಗೆ ತುರ್ತು ಪರಿಸ್ಥಿತಿ ಮುಗಿಯುವವರೆಗೂ ನ್ಯಾಯಾಲಯದಿಂದ ಉತ್ತರ ಪಡೆಯಲಾಗಲಿಲ್ಲ.

ಹಾಸನದ ಮತ, ಚಿಕ್ಕಮಗಳೂರಿನ ಮತ

1977ರ ಮಾರ್ಚ್ ಚುನಾವಣೆಯಲ್ಲಿ ಕಾಂಗ್ರೆಸ್ ಕೇಂದ್ರದಲ್ಲಿ ಅಧಿಕಾರ ಕಳೆದುಕೊಂಡಿತು. ಸೆರೆಯಲ್ಲಿದ್ದೇ ಸ್ಪರ್ಧಿಸಿದ ಜಾರ್ಜ್ ಫರ್ನಾಂಡಿಸ್ ಬಿಹಾರದ ಮುಜಫ್ಫರಪುರದಿಂದ ಗೆದ್ದು ಸಚಿವರಾದರು. ಡೈನಮೈಟ್ ಪ್ರಕರಣವನ್ನು ಹೊಸ ಸರ್ಕಾರ ಹಿಂಪಡೆಯಿತು. ಆದರೆ ಕರ್ನಾಟಕದ ತೀರ್ಪು ಬೇರೆಯಾಗಿತ್ತು. ಇಲ್ಲಿನ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ ಪಾಲಾದವು. ಮುಖ್ಯಮಂತ್ರಿ ದೇವರಾಜ ಅರಸು ಅವರ ಭೂಸುಧಾರಣೆಯಿಂದ ಗೇಣಿದಾರರಿಗೆ ನೆಲ ಸಿಕ್ಕಿದ್ದು ಹಳ್ಳಿಗಳಲ್ಲಿ ದೊಡ್ಡ ಮಾತಾಗಿತ್ತು. ಪ್ರತಿಪಕ್ಷದ ಕೈಹಿಡಿದದ್ದು ಎರಡೇ ಕ್ಷೇತ್ರ. ಬೆಂಗಳೂರು ದಕ್ಷಿಣದಲ್ಲಿ ನಿವೃತ್ತ ನ್ಯಾಯಮೂರ್ತಿ ಕೆ.ಎಸ್.ಹೆಗ್ಡೆ ಗೆದ್ದರು. ಇನ್ನೊಂದು ಕ್ಷೇತ್ರ ಹಾಸನ. ಅಲ್ಲಿ ಗೆದ್ದವರು ಎಸ್.ನಂಜೇಶಗೌಡ.

ಮರುವರ್ಷ ಗಾಳಿ ಮತ್ತೆ ತಿರುಗಿತು. 1978ರ ನವೆಂಬರಿನಲ್ಲಿ ಬೇಲೂರಿಗೆ ಹೊಂದಿಕೊಂಡ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ, ವೀರೇಂದ್ರ ಪಾಟೀಲರನ್ನು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ‘ಸಂಸ್ಕಾರ’ದ ಚಿತ್ರೀಕರಣ ನಡೆದ ಮಲೆನಾಡೂ ಅದೇ ಕ್ಷೇತ್ರದಲ್ಲಿತ್ತು. ಸ್ನೇಹಲತಾ ತೀರಿಕೊಂಡು ಆಗ ಎರಡು ವರ್ಷವೂ ತುಂಬಿರಲಿಲ್ಲ. ಇದನ್ನು ಜನರ ಮರೆವೆಂದು ದೂಷಿಸುವುದು ಸುಲಭ. ನೆಲ ಪಡೆದ ಗೇಣಿದಾರನ ಲೆಕ್ಕ ಬೇರೆ, ಸೆರೆಮನೆಯಲ್ಲಿ ಉಸಿರು ಕಳೆದುಕೊಂಡವರ ಮನೆಯ ಲೆಕ್ಕ ಬೇರೆ. ಎರಡೂ ಆ ಕಾಲದ ಸತ್ಯಗಳೇ ಆಗಿದ್ದವು.

ಉಳಿದದ್ದು

ಪಟ್ಟಾಭಿರಾಮ ರೆಡ್ಡಿ ಪತ್ನಿಯ ಅಗಲಿಕೆಯ ನಂತರವೂ ಕನ್ನಡದಲ್ಲಿ ‘ಶೃಂಗಾರ ಮಾಸ’, ‘ದೇವರ ಕಾಡು’ ಚಿತ್ರಗಳನ್ನು ನಿರ್ದೇಶಿಸಿದರು. ಅವರು 2006ರಲ್ಲಿ ನಿಧನರಾದರು. ಪುತ್ರಿ ನಂದನಾ ರೆಡ್ಡಿ ದುಡಿಯುವ ಮಕ್ಕಳ ಹಕ್ಕುಗಳಿಗಾಗಿ ಸಂಸ್ಥೆ ಕಟ್ಟಿ ಹೆಸರಾದರು. ಪುತ್ರ ಕೋನಾರ್ಕ್ ರೆಡ್ಡಿ ಗಿಟಾರ್ ವಾದಕರಾಗಿ ಪ್ರಸಿದ್ಧರು.

ಸ್ನೇಹಲತಾ ಅವರ ಪಾಲಿಗೆ ಮುಚ್ಚಿದ್ದ ನ್ಯಾಯದ ಬಾಗಿಲು ಪೂರ್ಣವಾಗಿ ತೆರೆಯಲು 41 ವರ್ಷ ಬೇಕಾಯಿತು. 1978ರ ಸಂವಿಧಾನ ತಿದ್ದುಪಡಿ, ತುರ್ತು ಪರಿಸ್ಥಿತಿಯಲ್ಲೂ ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ಅಮಾನತಿನಲ್ಲಿಡದಂತೆ ತಡೆ ಹಾಕಿತು. 1976ರ ಏಪ್ರಿಲ್ ತೀರ್ಪನ್ನು ಸುಪ್ರೀಂ ಕೋರ್ಟ್ ತಪ್ಪೆಂದು ಒಪ್ಪಿ ರದ್ದುಗೊಳಿಸಿದ್ದು 2017ರ ಆಗಸ್ಟ್ 24ರಂದು, ಖಾಸಗಿತನದ ಹಕ್ಕಿನ ಪ್ರಕರಣದಲ್ಲಿ. ಆ ಅರ್ಜಿ ಸಲ್ಲಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್.ಪುಟ್ಟಸ್ವಾಮಿ.

ಕೇಂದ್ರ ಕಾರಾಗೃಹ ಪರಪ್ಪನ ಅಗ್ರಹಾರಕ್ಕೆ ಸ್ಥಳಾಂತರಗೊಂಡ ಮೇಲೆ ಶೇಷಾದ್ರಿ ರಸ್ತೆಯ ಹಳೆಯ ಸೆರೆಮನೆ 2008ರಲ್ಲಿ ಸ್ವಾತಂತ್ರ್ಯ ಉದ್ಯಾನವಾಯಿತು. ಕಾವಲು ಗೋಪುರ ಹಾಗೇ ನಿಂತಿದೆ, ಕೆಲವು ಬ್ಯಾರಕ್‌ಗಳೂ ಉಳಿದಿವೆ. ರಾಜಧಾನಿಯಲ್ಲಿ ಧರಣಿ, ಪ್ರತಿಭಟನೆಗಳಿಗೆ ಗೊತ್ತುಪಡಿಸಿದ ಸ್ಥಳ ಈಗ ಅದೇ. ಕೊಬ್ಬರಿಗೆ ಬೆಲೆ ಕೇಳಲೆಂದು ಅರಸೀಕೆರೆಯಲ್ಲಿ ರೈಲು ಹತ್ತುವ ರೈತನೂ, ಸಂಬಳ ಕೇಳಲೆಂದು ಬೇಲೂರಿನಿಂದ ಬಸ್ಸು ಹಿಡಿಯುವ ಅಂಗನವಾಡಿ ಕಾರ್ಯಕರ್ತೆಯೂ ಘೋಷಣೆ ಕೂಗುವುದು ಆ ಆವರಣದಲ್ಲಿ. ಉಸಿರಿಗಾಗಿ ಒದ್ದಾಡುತ್ತ ಮಹಿಳೆಯೊಬ್ಬರು ಎಂಟು ತಿಂಗಳು ಕಳೆದದ್ದೂ ಅದೇ ಆವರಣದಲ್ಲಿ.